ನೀವು ಸೇರಿಸಿದ ಮೂರು ಅಕ್ಷರ

ಪುಸ್ತಕ ನೋಂದಣಿ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಈ ಪತ್ರದ ಮೊದಲ ಎರಡು ಕರಡುಗಳಲ್ಲಿ ಒಂದು ಸಂಗತಿಯನ್ನು ಬಿಟ್ಟಿದ್ದೆ. ಅದನ್ನು ಬಿಟ್ಟಿದ್ದರಿಂದ ಪತ್ರ ಬಹಳ ಖಾರವಾಗಿ, ಓದಲು ಸೊಗಸಾಗಿ ಬಂದಿತ್ತು. ತಪ್ಪೆಲ್ಲ ನಿಮ್ಮದು, ನೋವೆಲ್ಲ ನನ್ನದು. ಮೂರನೆಯ ಸಲ ಬರೆಯಲು ಕೂತಾಗ ಕೈ ನಿಂತಿತು. ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅರ್ಜಿ ನಮೂನೆಯ ನಾಲ್ಕನೆಯ ಅಂಕಣದಲ್ಲಿ, "ಲೇಖಕರು" ಎಂಬುದರ ಎದುರು, "ದಿ" ಎಂದು ಬರೆದು ಅದರ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟವಳು ನಾನೇ.

ಇನ್ನು ನನ್ನ ದೂರು. ನನ್ನ ಅಕ್ಕ ಬದುಕಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಇಪ್ಪತ್ತೊಂದು ವರ್ಷದಿಂದ ಗೊತ್ತಿಲ್ಲ. ನಿಮ್ಮ ಕಚೇರಿಗೆ ಮಾತ್ರ ಗೊತ್ತಿದೆ. ನಾವಿಬ್ಬರೂ ಬರೆದ, ನಾನೊಬ್ಬಳೇ ಅಚ್ಚು ಹಾಕಿಸಿದ "ಒಳಕೋಣೆ ಪತ್ರಿಕೆ" ಎಂಬ ಪುಸ್ತಕದ ಮುನ್ನೂರು ಪ್ರತಿಗಳನ್ನು ನೀವು ಶಾಖಾ ಗ್ರಂಥಾಲಯಗಳಿಗೆಂದು ಕೊಂಡಿರಿ. ಅದಕ್ಕೆ ಕೃತಜ್ಞಳು. ಒಂದೊಂದು ಪ್ರತಿಯ ಒಳಗೂ, ರಕ್ಷಾಪುಟದ ಹಿಂಬದಿಗೆ, ಒಂದು ಬಿಳಿಯ ಚೀಟಿ ಅಂಟಿಸಿದ್ದೀರಿ. ಅದರ ಮೇಲೆ ಹೀಗಿದೆ: "ಲೇಖಕರು: ದಿವಂಗತ ದೊಡ್ಡೋಳು ಮತ್ತು ಚಿಕ್ಕೋಳು."

ಚಿಕ್ಕೋಳು ನಾನು. ನಲವತ್ತನಾಲ್ಕು ವರ್ಷ, ಬದುಕಿದ್ದೇನೆ, ಆಸ್ಪತ್ರೆಯೊಂದರಲ್ಲಿ ಜನರ ಕಿವಿ ಪರೀಕ್ಷೆ ಮಾಡುತ್ತೇನೆ. ದೊಡ್ಡೋಳು ನನ್ನ ಅಕ್ಕ. ಅವಳ ಹೆಸರಿನ ಮೊದಲು ಇರುವ "ದಿ" ಏನೆಂದು ಒಬ್ಬರಾದರೂ ಒಂದು ಫೋನ್ ಮಾಡಿ ಕೇಳಿದ್ದರೆ ಹೇಳುತ್ತಿದ್ದೆ. ಈಗ ಕೇಳದೆಯೇ ಹೇಳುತ್ತೇನೆ, ಕೇಳಿ.

ನಾವು ಓದಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆ. ಅಲ್ಲಿ ಕನ್ನಡದಲ್ಲಿ ಬಾಯಿ ಬಿಟ್ಟರೆ ದಂಡ. ಮೊದಲ ವರ್ಷ ನನಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೇ. ಬಾಯಾರಿದರೂ ನೀರು ಕೇಳಲಾಗದೆ ಸುಮ್ಮನೆ ಕೂರುತ್ತಿದ್ದೆ. ಮೂರು ವರ್ಷ ದೊಡ್ಡವಳಾದ ಅಕ್ಕ ಉಪಾಯ ಹೇಳಿಕೊಟ್ಟಳು. "ಲೇ, ಗೊತ್ತಿಲ್ಲದ ಪದ ಬಂದ್ರೆ ಮುಂದೆ ದಿ ಹಾಕು. ದಿ ಹಾಕಿದ್ರೆ ಎಲ್ಲಾ ಇಂಗ್ಲಿಷೇ." ಮಾರನೆಯ ದಿನ ನಾನು ಎದ್ದು ನಿಂತು, "ಟೀಚರ್, ಐ ವಾಂಟ್ ದಿ ನೀರು," ಎಂದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು, ಟೀಚರ್ ಕೂಡ. ಆದರೆ ನೀರು ಸಿಕ್ಕಿತು. ಅಂದಿನಿಂದ ಮನೆಯಲ್ಲಿ ಎಲ್ಲದಕ್ಕೂ ದಿ. ದಿ ಅಮ್ಮ, ದಿ ಬಚ್ಚಲು, ದಿ ತಲೆಹರಟೆ. ಪತ್ರಿಕೆಯಲ್ಲಿ ಸಹಿ ಹಾಕುವಾಗ ಮಾತ್ರ ನನಗೂ ಒಂದು ದಿ ಬೇಕೆಂದು ಹಟ ಮಾಡಿದ್ದೆ. "ಎರಡೆರಡು ದಿ ಆಗಲ್ಲ. ಅದು ದೊಡ್ಡೋರಿಗೆ ಮಾತ್ರ," ಎಂದಳು. ಹೀಗಾಗಿ ಅವಳು "ದಿ ದೊಡ್ಡೋಳು", ನಾನು ಬರೀ "ಚಿಕ್ಕೋಳು". ಅವತ್ತು ಅವಳು ಸ್ವಲ್ಪ ಉದಾರಿಯಾಗಿದ್ದಿದ್ದರೆ ಇವತ್ತು ನಿಮ್ಮ ದಾಖಲೆಯಲ್ಲಿ ನಾನೂ ತೀರಿಕೊಂಡಿರುತ್ತಿದ್ದೆ.

ಪತ್ರಿಕೆ ಎಂದೆ. ಅದು ಏನೆಂದೂ ಹೇಳಬೇಕು. ನಮ್ಮ ಅಪ್ಪ ಔಷಧಿ ಅಂಗಡಿ ಇಟ್ಟಿದ್ದರು, ಬೀದಿಗೆಲ್ಲ ಬೇಕಾದವರು. ಸಿಟ್ಟು ಬಂದರೆ ಅಮ್ಮನನ್ನು ಒಳಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಒಂದು ಮಧ್ಯಾಹ್ನ, ಕೆಲವು ಸಲ ಎರಡು ದಿನ. ಹೊರಗೆ ಕೂತ ನಾವಿಬ್ಬರೂ ನೋಟ್‌ಬುಕ್ಕಿನ ಹಾಳೆಗಳಲ್ಲಿ ಸುದ್ದಿ, ಕತೆ, ಟೀಚರುಗಳ ಅಡ್ಡಹೆಸರು, ಒಂದಿಷ್ಟು ಸುಳ್ಳು ಜಾಹೀರಾತು ಬರೆದು ಬಾಗಿಲ ಕೆಳಗಿನ ಸಂದಿಯಲ್ಲಿ ತೂರಿಸುತ್ತಿದ್ದೆವು. ಒಳಗಿನಿಂದ ಅಮ್ಮ ನಗುವುದು ಕೇಳಿಸಿದರೆ ಆ ಸಂಚಿಕೆ ಗೆದ್ದಂತೆ. ಪ್ರಸಾರ ಸಂಖ್ಯೆ ಒಂದು. ವಿಮರ್ಶಕಿಯೂ ಅವಳೇ.

ಅಕ್ಕ ಇಪ್ಪತ್ತಾರನೆಯ ವಯಸ್ಸಿನಲ್ಲಿ ಆ ಹಾಳೆಗಳನ್ನೆಲ್ಲ ಸೇರಿಸಿ, ಯಾರನ್ನೂ ಕೇಳದೆ, ತಾನೇ ನೂರು ಪ್ರತಿ ಅಚ್ಚು ಹಾಕಿಸಿದಳು. ನನ್ನ ಮದುವೆಯ ಕರೆಯೋಲೆ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲೇ, ಕರೆಯೋಲೆಗೆ ತಂದು ಮಿಕ್ಕಿದ್ದ ಕಾಗದಕ್ಕೇ ರಕ್ಷಾಪುಟ. ಕರೆಯೋಲೆ ಹಂಚಲು ಹೋದವಳು ಮನೆಮನೆಗೂ ಪುಸ್ತಕವನ್ನೂ ಕೊಟ್ಟು ಬಂದಳು. ಪುಸ್ತಕ ಪ್ರಚಾರ ಎಂದರೆ ಏನೆಂದು ನಿಮ್ಮ ಇಲಾಖೆ ವಿಚಾರ ಸಂಕಿರಣ ನಡೆಸುವ ಎಷ್ಟೋ ವರ್ಷ ಮೊದಲೇ ಅವಳಿಗೆ ಗೊತ್ತಿತ್ತು. ಗಂಡಿನ ಮನೆಯವರಿಗೂ ಒಂದು ಪ್ರತಿ ತಲುಪಿ, ಚಿಲಕದ ವಿಷಯ ತಿಳಿಯಿತು. ಮದುವೆ ಮುರಿಯಿತು. ಬಾಕಿ ಉಳಿದಿದ್ದ ಪ್ರತಿಗಳನ್ನು ನಾನು ಗುಜರಿಗೆ ಹಾಕಿದೆ. ಮೂರನೆಯ ದಿನ ಅಕ್ಕ ಒಂದು ಚೀಲ ಹಿಡಿದು ಹೋದಳು. ಪೊಲೀಸರು ಬರೆದುಕೊಂಡದ್ದು, "ಸ್ವಂತ ಇಚ್ಛೆಯಿಂದ."

ಆ ಪುಸ್ತಕವನ್ನೇ, ಅವಳ ಭಾಗವನ್ನು ಒಂದಕ್ಷರ ಬದಲಿಸದೆ, ನನ್ನ ಅರ್ಧ ಸೇರಿಸಿ, ಹೋದ ವರ್ಷ ನಾನು ಮತ್ತೆ ಅಚ್ಚು ಹಾಕಿಸಿದೆ. ಮೊದಲು ಒಬ್ಬ ಪ್ರಕಾಶಕರ ಬಳಿ ಹೋಗಿದ್ದೆ. ಸಜ್ಜನರು. ಪೂರ್ತಿ ಓದಿ, ಕನ್ನಡಕ ತೆಗೆದು ಹೇಳಿದರು:

"ಚೆನ್ನಾಗಿದೆ ಮೇಡಂ. ನಿಮ್ಮ ಅಕ್ಕನ ಒಂದು ಫೋಟೋ ಕೊಡಿ. ರಕ್ಷಾಪುಟಕ್ಕೆ ಹಾಕಿ, ಕೆಳಗೆ ದಿವಂಗತ ಅಂತ ಹಾಕೋಣ. ಓದುಗರಿಗೆ ಹತ್ತಿರ ಆಗುತ್ತೆ."

"ಅವಳು ಸತ್ತಿಲ್ಲ ಸರ್."

"ಸತ್ತಿಲ್ಲ ಅನ್ನೋದಕ್ಕೆ ಗ್ಯಾರಂಟಿ ಇದೆಯಾ?"

ಅಂದೇ ನಿರ್ಧಾರ ಮಾಡಿದೆ, ನಾನೇ ಹಾಕಿಸುತ್ತೇನೆಂದು. ಆ ಮನುಷ್ಯ ಎದುರಿಗೆ ಕೂತು ಕೇಳಿಯಾದರೂ ಕೇಳಿದರು. ನೀವು ಅದೇ ಕೆಲಸವನ್ನು ಕೇಳದೆ, ಮುನ್ನೂರು ಪ್ರತಿಗೆ, ಗೋಂದು ಹಚ್ಚಿ ಮಾಡಿಕೊಟ್ಟಿರಿ.

ಸ್ವಂತ ಪ್ರಕಾಶನ ಎಂದರೆ ಏನೆಂದು ನಿಮಗೆ ಕಡತದ ಮೂಲಕ ಗೊತ್ತಿರಬಹುದು. ಮನೆಯ ಮೂಲಕ ಹೇಳುತ್ತೇನೆ. ಐನೂರು ಪುಸ್ತಕ ಎಂದರೆ ಹದಿಮೂರು ರಟ್ಟಿನ ಪೆಟ್ಟಿಗೆ. ಐದು ಮಂಚದ ಕೆಳಗೆ, ನಾಲ್ಕು ಅಮ್ಮನ ಕೋಣೆಯಲ್ಲಿ, ಎರಡು ಬೀರುವಿನ ಮೇಲೆ, ಇನ್ನೆರಡು ಊಟದ ಮೇಜಿನ ಕೆಳಗೆ ಕಾಲಿಗೆ ಸಿಗುತ್ತಿದ್ದವು. ಭಾನುವಾರ ನನಗೆ ರಜೆ. ನಾನು ಚೀಲ ಹೊತ್ತು ಅಂಗಡಿ ಅಂಗಡಿ ತಿರುಗುವ ದಿನ. "ಸ್ವಂತಕ್ಕೇ ಹಾಕಿಸಿದ್ದಾ?" ಎಂದು ಕೇಳುವ ಒಂದು ದನಿ ಇದೆ, ಡಾಕ್ಟರನ್ನು ಕೇಳದೆ ಮಾತ್ರೆ ನುಂಗಿದವರನ್ನು ನಾವು ಆಸ್ಪತ್ರೆಯಲ್ಲಿ ಕೇಳುವ ದನಿ. ಫೋನಿನ ಮುಂದೆ ನಿಂತು ನಲವತ್ತು ಸೆಕೆಂಡಿನ ವಿಡಿಯೋಗಳನ್ನು ಮಾಡಿದೆ. ಒಂದರಲ್ಲಿ ನನ್ನ ಮುಖಕ್ಕಿಂತ ಹಿಂದೆ ಒಣಗಲು ಹಾಕಿದ್ದ ಟವೆಲೇ ಚೆನ್ನಾಗಿ ಕಾಣುತ್ತಿತ್ತಂತೆ. ಹಾಗೆಂದು ಒಬ್ಬರು ಬರೆದಿದ್ದರು. ಬಸ್ ನಿಲ್ದಾಣದ ಬೆಂಚಿನ ಮೇಲೆ, ರೈಲಿನ ಸೀಟಿನಲ್ಲಿ, ಗೊತ್ತಿಲ್ಲದ ಊರುಗಳ ಆಸ್ಪತ್ರೆಗಳಲ್ಲಿ, ಮರೆತವಳ ಹಾಗೆ ಒಂದೊಂದು ಪ್ರತಿ ಬಿಟ್ಟು ಬಂದೆ. ಒಬ್ಬರಂತೂ ಹಿಂದೆ ಓಡಿ ಬಂದು, "ಅಮ್ಮಾ, ನಿಮ್ಮ ಪುಸ್ತಕ!" ಎಂದು ಕೈಗೇ ಕೊಟ್ಟು ಹೋದರು.

ಇದೆಲ್ಲ ಹೆಸರಿಗಾಗಿ ಅಲ್ಲ. ನನ್ನ ಹೆಸರೇ ಪುಸ್ತಕದ ಮೇಲಿಲ್ಲ. ಐನೂರು ಪ್ರತಿ ಹಾಕಿಸಿದ್ದು ಒಬ್ಬಳು ಓದಲೆಂದು.

ಅವಳು ಎಲ್ಲೇ ಇದ್ದರೂ ಗ್ರಂಥಾಲಯಕ್ಕೆ ಹೋಗದೆ ಇರುವವಳಲ್ಲ. ಹೋದರೆ ಕೈಯಲ್ಲಿ ಪೆನ್ಸಿಲ್ ಇಲ್ಲದೆ ಓದುವವಳಲ್ಲ. ಅಚ್ಚಿನ ತಪ್ಪು ಕಂಡರೆ ಅವಳಿಗೆ ಮೈಮೇಲೆ ಇರುವೆ ಹರಿದ ಹಾಗೆ. ಅಕ್ಷರದ ಮೇಲೆ ಸಣ್ಣ ಗೆರೆ ಎಳೆದು, ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಒಂದು ಸರಿ ಗುರುತು. ಈ ಇಪ್ಪತ್ತೊಂದು ವರ್ಷ ನಾನು ಎಷ್ಟು ಊರಿನ ಎಷ್ಟು ಗ್ರಂಥಾಲಯಗಳಲ್ಲಿ ಪುಸ್ತಕದ ಅಂಚುಗಳನ್ನು ನೋಡಿದ್ದೇನೋ ಲೆಕ್ಕವಿಲ್ಲ. ಕೆಲವು ಕಡೆ ಅಂಥ ಗುರುತುಗಳು ಸಿಕ್ಕಿವೆ. ತಪ್ಪು ತಿದ್ದುವವರು ಲೋಕದಲ್ಲಿ ಅವಳೊಬ್ಬಳೇ ಅಲ್ಲ ಎಂದು ಬುದ್ಧಿ ಹೇಳುತ್ತದೆ. ನಮ್ಮ ಪರೀಕ್ಷೆಯ ಕೋಣೆಯಲ್ಲಿ, ಶಬ್ದ ಕೇಳಿಸಿದರೆ ಕೈ ಎತ್ತಿ ಎನ್ನುತ್ತೇವೆ. ನಾವು ಶಬ್ದ ಕಳಿಸದಿದ್ದಾಗಲೂ ಕೈ ಎತ್ತುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಾದು ಕಾದು ಅವರಿಗೆ ನಿಜವಾಗಿಯೂ ಕೇಳಿಸುತ್ತದೆ. ಅಂಥವರ ಚೀಟಿಯ ಮೇಲೆ ಏನು ಬರೆಯಬೇಕೆಂದು ತೋಚದೆ ನಾನು ಎಷ್ಟೋ ಸಲ ಪೆನ್ನು ಹಿಡಿದು ಕೂತಿದ್ದೇನೆ.

ಹಾಗಾಗಿ ಈ ಪುಸ್ತಕದ ನನ್ನ ಭಾಗದಲ್ಲಿ ನಾನು ಬೇಕೆಂದೇ ಮೂರು ತಪ್ಪು ಬಿಟ್ಟೆ. ಪುಟ ಜೋಡಿಸಿದ ಡಿಟಿಪಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. "ತಪ್ಪು ತಿದ್ದಿ ಅಂತ ಜೀವ ತಿನ್ನೋರನ್ನ ನೋಡಿದ್ದೀನಿ ಮೇಡಂ. ತಪ್ಪು ಹಾಗೇ ಬಿಡಿ ಅಂತ ಬಂದೋರು ನೀವೇ ಮೊದಲು." ಎಲ್ಲಾದರೂ ಒಂದು ಪ್ರತಿಯಲ್ಲಿ ಆ ಮೂರೂ ತಿದ್ದಿದ್ದು ಸಿಕ್ಕರೆ, ಮೂರಕ್ಕೂ ಸರಿ ಗುರುತು ಇದ್ದರೆ, ಆ ಊರಿನಲ್ಲಿ ಮನೆ ಮನೆ ಹುಡುಕುವುದು ನನಗೆ ಕಷ್ಟವಲ್ಲ.

ಈಗ ನೀವು ಹೇಳಿ. ಅವಳು ಯಾವುದೋ ಊರಿನ ಯಾವುದೋ ಶಾಖೆಯಲ್ಲಿ ಆ ಹೆಸರು ನೋಡಿ ಪುಸ್ತಕ ಕೈಗೆ ತೆಗೆದುಕೊಂಡಳು ಎಂದಿಟ್ಟುಕೊಳ್ಳಿ. ರಕ್ಷಾಪುಟ ತಿರುಗಿಸುತ್ತಾಳೆ. ಮೊದಲು ಕಾಣುವುದು ನನ್ನ ಬರಹವಲ್ಲ, ನಿಮ್ಮ ಚೀಟಿ. ಮನೆಯವರು ತನ್ನನ್ನು ಸತ್ತವರ ಜೊತೆಗೆ ಸೇರಿಸಿ, ಮೊಹರು ಹಾಕಿಸಿ, ಸರ್ಕಾರಕ್ಕೂ ತಿಳಿಸಿ ಕೈ ತೊಳೆದುಕೊಂಡಿದ್ದಾರೆ. ಅದನ್ನು ಓದಿದ ಮೇಲೂ ಅವಳು ಪೆನ್ಸಿಲ್ ತೆಗೆಯುತ್ತಾಳೆಯೇ? ಪುಸ್ತಕ ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟು ಹೋಗುತ್ತಾಳೆಯೇ? ಇದು ನನಗೆ ಕಾಲ್ಪನಿಕ ಪ್ರಶ್ನೆಯಲ್ಲ. ನೂರಿಪ್ಪತ್ತು ಪ್ರತಿಗಳು ಈಗಾಗಲೇ ಶಾಖೆಗಳನ್ನು ತಲುಪಿವೆ.

ಅದರಲ್ಲಿ ಒಂದನ್ನು ಮನೆಗೆ ತಂದವಳು ನಾನೇ. ನಮ್ಮ ಬಡಾವಣೆಯ ಶಾಖೆಯ ಕಪಾಟಿನಲ್ಲಿ ನನ್ನ ಪುಸ್ತಕ ನಿಂತಿದ್ದನ್ನು ನೋಡಿ, ನಾಚಿಕೆ ಬಿಟ್ಟು, ಎರವಲು ಪಡೆದೆ. "ನಿಮ್ಮ ಪುಸ್ತಕಾನ ನೀವೇ ತಗೊಂಡು ಹೋಗ್ತೀರಾ? ಮನೇಲಿ ಸ್ಟಾಕ್ ಮುಗೀತಾ?" ಎಂದು ಗ್ರಂಥಪಾಲಕಿ ನಕ್ಕರು. ಅಮ್ಮನಿಗೆ ತೋರಿಸಬೇಕು ಎಂದೆ. ಅಮ್ಮನಿಗೆ ಎಪ್ಪತ್ತೆರಡು, ಕಣ್ಣು ಮಂಜು, ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದುತ್ತಾಳೆ. ನಾನು ಕಾಫಿ ಮಾಡಲು ಒಳಗೆ ಹೋಗಿದ್ದೆ. ಬಂದಾಗ ಪುಸ್ತಕ ಅವಳ ಮಡಿಲಲ್ಲಿತ್ತು, ಭೂತಗನ್ನಡಿ ಚೀಟಿಯ ಮೇಲೆ. ಅತ್ತಿರಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದಳು:

"ನಿಂಗೆ ಯಾವಾಗ ಗೊತ್ತಾಯ್ತು?"

"ಏನಮ್ಮ?"

"ಇದು."

ನೋಡಿದೆ. ಅದು ತಪ್ಪು, ಯಾರೋ ಗುಮಾಸ್ತರು ಮಾಡಿದ ತಪ್ಪು ಎಂದೆ.

"ಸರ್ಕಾರದೋರು ಗೊತ್ತಿಲ್ದೆ ಹಾಕ್ತಾರಾ? ಮೊಹರು ಬೇರೆ ಇದೆ. ನನ್ಹತ್ರ ಮುಚ್ಚಿಡಬೇಡ ಪುಟ್ಟಿ. ಯಾವತ್ತು ಹೋದ್ಲು ಅಂತಾದ್ರೂ ಅವ್ರನ್ನ ಕೇಳು. ದಿನ ಗೊತ್ತಾದ್ರೆ ಸಾಕು."

ಈಗ ದಿನಾ ಬೆಳಿಗ್ಗೆ ಅದನ್ನೇ ಕೇಳುತ್ತಾಳೆ. ದಿನ ಹೇಳಿದರಾ? ನಿಮ್ಮ ಮೇಲೆ ಅವಳಿಗಿರುವ ನಂಬಿಕೆಯ ಕಾಲು ಭಾಗ ನನ್ನ ಮೇಲೆ ಇದ್ದಿದ್ದರೆ ಸಾಕಾಗುತ್ತಿತ್ತು.

ನಿಮ್ಮ ಕಚೇರಿಗೆ ಬಂದೆ. ಕಡತ ನೋಡುವ ಮಹಿಳೆ ಒಳ್ಳೆಯವರು, ಕುರ್ಚಿ ಕೊಟ್ಟರು.

"ದಿ ಅಂದ್ರೆ ದಿವಂಗತ ಅಲ್ವಾ ಮೇಡಂ? ಇನ್ನೇನು?"

"ಅದು ಇಂಗ್ಲಿಷಿನ ದಿ."

"ಇಂಗ್ಲಿಷಿನ ದಿ ಕನ್ನಡ ಫಾರಂನಲ್ಲಿ ಯಾಕೆ ಬಂತು? ಬಂದ್ರೂ, ಚುಕ್ಕಿ ಯಾಕೆ ಇಟ್ರಿ?"

ಅವರು ಅರ್ಜಿ ತಿರುಗಿಸಿ ತೋರಿಸಿದರು. ನೀಲಿ ಶಾಯಿ, ನನ್ನದೇ ಅಕ್ಷರ, ದುಂಡನೆಯ ಚುಕ್ಕಿ. ರಕ್ಷಾಪುಟದ ಮೇಲೆ ಚುಕ್ಕಿಯಿಲ್ಲ. ಕರಡಚ್ಚಿನಲ್ಲಿ ಇಲ್ಲ. ಎಲ್ಲೂ ಇಲ್ಲದ ಚುಕ್ಕಿಯನ್ನು ನಿಮ್ಮ ಅರ್ಜಿಯಲ್ಲಿ ಮಾತ್ರ ಇಟ್ಟಿದ್ದೇನೆ. ಪೆನ್ನು ಒಂದು ಕ್ಷಣ ತಡೆದು ನಿಂತದ್ದೇ? ಅಥವಾ ಒಳಗೆಲ್ಲೋ ನಾನು ಯಾವತ್ತೋ ತೀರ್ಮಾನ ಮಾಡಿಯಾಗಿದೆಯೇ, ಕೈಗೆ ಗೊತ್ತಿರುವುದು ನನಗಷ್ಟೇ ಗೊತ್ತಿಲ್ಲವೇ? ಆ ದಿನದಿಂದ ನಾನು ಏನು ಬರೆದರೂ, ರೋಗಿಯ ಚೀಟಿಯನ್ನಾಗಲಿ, ಮನೆಯ ಸಾಮಾನಿನ ಪಟ್ಟಿಯನ್ನಾಗಲಿ, ಎರಡು ಸಲ ನೋಡುತ್ತೇನೆ.

ತಿದ್ದುಪಡಿಗೆ ಅರ್ಜಿ ಕೊಟ್ಟೆ. ಮೂರು ವಾರಕ್ಕೆ ನಿಮ್ಮ ಸಹಿಯಿರುವ ಉತ್ತರ ಬಂತು. ನಮೂದನ್ನು ದೃಢಪಡಿಸುವುದಾದರೆ ಮರಣ ಪ್ರಮಾಣಪತ್ರ ಸಲ್ಲಿಸಬೇಕು; ರದ್ದುಪಡಿಸುವುದಾದರೆ ಸದರಿ ಲೇಖಕರು ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಹಾಜರಾಗಬೇಕು; ಸದರಿಯವರು ದೀರ್ಘಕಾಲದಿಂದ ಪತ್ತೆಯಿಲ್ಲವೆಂದು ಅರ್ಜಿದಾರರೇ ತಿಳಿಸಿರುವುದರಿಂದ ಹಾಲಿ ನಮೂದು ವಾಸ್ತವಕ್ಕೆ ದೂರವಾದುದೆಂದು ಹೇಳಲಾಗುವುದಿಲ್ಲ.

ಮಾನ್ಯರೇ, ಆ ಕೊನೆಯ ವಾಕ್ಯವನ್ನು ಬರೆದವರಿಗೆ ಒಂದು ಬಹುಮಾನ ಕೊಡಬೇಕು. ಸಾಯಿಸಲು ನಿಮಗೆ ಒಂದು ಚುಕ್ಕಿ ಸಾಕಾಯಿತು. ಬದುಕಿಸಲು ಇಡೀ ಮನುಷ್ಯರೇ ಬೇಕೇ? ಅವಳನ್ನು ಖುದ್ದಾಗಿ ಹಾಜರುಪಡಿಸುವುದು ನನ್ನಿಂದ ಆಗುವಂತಿದ್ದರೆ ನಾನು ಪುಸ್ತಕವನ್ನೇಕೆ ಬರೆಯುತ್ತಿದ್ದೆ? ಇಷ್ಟು ವರ್ಷ ನಾವು ಪಡಿತರ ಚೀಟಿಯಿಂದ ಅವಳ ಹೆಸರು ತೆಗೆಸಿಲ್ಲ. ಆರು ವರ್ಷದ ಹಿಂದೆ ಅಪ್ಪ ಹೋದಾಗ ಪತ್ರಿಕೆಗೆ ಕೊಟ್ಟ ಸುದ್ದಿಯಲ್ಲಿ "ಪತ್ನಿ, ಇಬ್ಬರು ಪುತ್ರಿಯರನ್ನು ಅಗಲಿದ್ದಾರೆ" ಎಂದೇ ಹಾಕಿಸಿದೆವು. ನಮಗೆ ಬೇಕೆಂದಾಗ ಹಾಕಲು ಆ ಪದ ನಮಗೂ ಸಿಗುತ್ತಿತ್ತು. ಹಾಕದೆ ಇರುವುದೇ ನಮ್ಮ ಮನೆ ನಡೆಸಿಕೊಂಡು ಬಂದ ಕೆಲಸ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಎರಡನೆಯ ಕರಡು ಇಲ್ಲಿಗೇ ನಿಂತಿತ್ತು. ಆದರೆ ತಪ್ಪು ದಾಖಲೆಯನ್ನು ತಿದ್ದಿ ಎಂದು ನಿಮ್ಮನ್ನು ಕೇಳುವವಳ ಪುಸ್ತಕದಲ್ಲೂ ಒಂದು ತಪ್ಪು ದಾಖಲೆಯಿದೆ, ಆ ಮೂರು ಅಚ್ಚಿನ ತಪ್ಪುಗಳಲ್ಲದೆ. ನೂರ ಹತ್ತನೆಯ ಪುಟದಲ್ಲಿ, ಅಕ್ಕ ಮನೆ ಬಿಟ್ಟ ಹಿಂದಿನ ದಿನ "ನಮ್ಮ ಪಾಲಿಗೆ ನೀನು ಸತ್ತೆ" ಎಂದು ಅಪ್ಪ ಹೇಳಿದರೆಂದು ಬರೆದಿದ್ದೇನೆ. ಅಪ್ಪ ಹೇಳಲಿಲ್ಲ. ಅಮ್ಮ ಆ ದಿನ ಸೋದರಮಾವನ ಮನೆಯಲ್ಲಿದ್ದಳು. ಅಪ್ಪ ಮುಂದಿನ ಕೋಣೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು, ಜನ್ಮದಲ್ಲಿ ಮೊದಲ ಸಲ ಬಾಯಿ ಕಟ್ಟಿ. ಹೇಳಿದವಳು ನಾನು. "ನನ್ನ ಪಾಲಿಗೆ ನೀನು ಇವತ್ತಿಗೆ ಸತ್ತೆ."

ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ನಕ್ಕಳು. "ಒಳ್ಳೇದೇ ಆಯ್ತಲ್ಲೇ. ದಿ ಅಂತೂ ಮೊದಲೇ ಇದೆ, ಒಂದು ಚುಕ್ಕಿ ಇಟ್ಕೋ, ಮುಗೀತು."

ಅಮ್ಮ ಬಂದು ಏನಾಯಿತು ಎಂದು ಕೇಳಿದಾಗ ನಾನು ಅಪ್ಪನ ಕಡೆ ನೋಡಿದೆ, ಅಷ್ಟೇ. ಅವರು ಅಲ್ಲ ಎನ್ನಲಿಲ್ಲ. ಒಳಕೋಣೆಯ ಚಿಲಕಕ್ಕೆ ಇದು ಲೆಕ್ಕ ಸರಿಹೋಯಿತು ಎಂದುಕೊಂಡರೋ, ಹೇಳಿದರೂ ಯಾರು ನಂಬುತ್ತಾರೆ ಎಂದುಕೊಂಡರೋ, ತಿಳಿಯಲಿಲ್ಲ, ಕೇಳಲೂ ಇಲ್ಲ. ಹದಿನೈದು ವರ್ಷ ಅಮ್ಮ ಅವರಿಗೆ ಊಟ ಬಡಿಸಿದಳು, ಔಷಧಿ ಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ಅವರು ಹೋದ ಮೇಲೆ ಅವರ ಹೆಸರಿನ ಮೊದಲು "ದಿ." ಎಂದು ಬರೆದವಳೂ ನಾನೇ, ಅಲ್ಲಿ ಮಾತ್ರ ಚುಕ್ಕಿ ಸರಿಯಾಗಿದೆ. ಸತ್ತವರ ಮೇಲೆ ಸುಳ್ಳು ಹೊರಿಸುವುದು ಎಷ್ಟು ಸುಲಭವೆಂದು ನನಗೆ ಗೊತ್ತು. ಅದಕ್ಕೇ ಅಕ್ಕನನ್ನು ಆ ಸಾಲಿಗೆ ಸೇರಿಸಬೇಡಿ ಎಂದು ಇಷ್ಟು ಬೇಡುತ್ತಿದ್ದೇನೆ. ಬದುಕಿರುವವಳ ಹತ್ತಿರವಾದರೆ ಒಂದು ದಿನ ಕ್ಷಮೆ ಕೇಳಬಹುದು.

ನನ್ನ ಬೇಡಿಕೆ ಇಷ್ಟು. ನೀವು ಸೇರಿಸಿದ ಮೂರು ಅಕ್ಷರ, "ವಂಗತ", ನಿಮ್ಮದು. ವಾಪಸು ತೆಗೆದುಕೊಳ್ಳಿ. ಉಗ್ರಾಣದಲ್ಲಿರುವ ನೂರ ಎಂಬತ್ತು ಪ್ರತಿಗಳು ಈ ತಿಂಗಳ ಹದಿನೈದಕ್ಕೆ ಶಾಖೆಗಳಿಗೆ ಹೊರಡುತ್ತವೆಂದು ನಿಮ್ಮ ಸುತ್ತೋಲೆ ಹೇಳುತ್ತದೆ. ಅವು ಹೊರಡುವ ಮೊದಲು ಚೀಟಿ ಬದಲಿಸಿ. ಹೊಸ ಚೀಟಿ ನಾನೇ ಅಚ್ಚು ಹಾಕಿಸಿ ತರುತ್ತೇನೆ, ಅಂಟಿಸುತ್ತೇನೆ ಕೂಡ. ಸ್ವಂತ ಪ್ರಕಾಶಕಿ, ಗೋಂದು ಕೈಗೆ ಹತ್ತುವುದು ಅಭ್ಯಾಸವಾಗಿದೆ. ಹೋಗಿಬಿಟ್ಟ ನೂರಿಪ್ಪತ್ತನ್ನು ಶಾಖೆ ಶಾಖೆಗೆ ಹೋಗಿ ತಿದ್ದಲು ನನಗೊಂದು ಅನುಮತಿ ಪತ್ರ ಕೊಡಿ. ಅಮ್ಮನಿಗೆ ಎರಡು ಸಾಲಿನ ಒಂದು ಕಾಗದ ಬರೆಯಿರಿ, ಮೊಹರು ಹಾಕಿ: ನಿಮ್ಮ ದೊಡ್ಡ ಮಗಳ ಬಗ್ಗೆ ನಮ್ಮಲ್ಲಿ ಯಾವ ಮಾಹಿತಿಯೂ ಇಲ್ಲ ಎಂದು. ಇಷ್ಟು ನೆಮ್ಮದಿ ಕೊಡುವ ಸರ್ಕಾರಿ ಕಾಗದವನ್ನು ನಿಮ್ಮ ಕಚೇರಿ ಬಹುಶಃ ಇನ್ನೊಂದು ಬರೆಯಲಾರದು.

ಅಕಸ್ಮಾತ್ ನಿಮ್ಮ ನಿಯಮದಂತೆ ಒಬ್ಬ ಹೆಂಗಸು ಖುದ್ದಾಗಿ ಬಂದು, ಈ ಚೀಟಿ ಸುಳ್ಳು, ನಾನು ಸತ್ತಿಲ್ಲ ಎಂದು ಜಗಳಕ್ಕೆ ನಿಂತರೆ, ದಯವಿಟ್ಟು ಗುರುತಿನ ಚೀಟಿ ಕೇಳಬೇಡಿ. ಊಟದ ವೇಳೆ, ಆಮೇಲೆ ಬನ್ನಿ ಎನ್ನಬೇಡಿ. ಕುರ್ಚಿ ಕೊಟ್ಟು ಕೂರಿಸಿ, ನನಗೆ ಫೋನ್ ಮಾಡಿ. ನಂಬರು ನಿಮ್ಮ ಅರ್ಜಿಯ ಒಂಬತ್ತನೆಯ ಅಂಕಣದಲ್ಲಿದೆ.

ಇಂತಿ,
ನಿಮ್ಮ ವಿಧೇಯಳಲ್ಲದಿದ್ದರೂ ನಿಮ್ಮನ್ನೇ ಕಾಯಬೇಕಾಗಿ ಬಂದಿರುವ,
ಚಿಕ್ಕೋಳು

ನಿಮಗೂ ದಿನಪತ್ರಿಕೆಯೊಂದಕ್ಕೂ ಕಳಿಸುವ ಮುನ್ನ ಇದನ್ನು ಅಮ್ಮನಿಗೆ ಓದಿ ಹೇಳಬೇಕು, ನೂರ ಹತ್ತನೆಯ ಪುಟದ ವಿಷಯವನ್ನೂ ಬಿಡದೆ. ಅದಕ್ಕೆ ಬುಧವಾರ ರಜೆ ಹಾಕಿದ್ದೇನೆ. ಅವಳು ಏನೇ ಅಂದರೂ, ಅನ್ನದೇ ಹೋದರೂ, ಅಂಚೆಗೆ ಹಾಕುವ ದಿನ: ಜುಲೈ ೯, ಗುರುವಾರ.